ಗ್ಯಾಪ್ ಸರ್ಟಿಫಿಕೇಟ್

ಓದು ಬಿಟ್ಟು ಬಹಳ ವರ್ಷ ಆದಮೇಲೆ ಮತ್ತೆ ಕಾಲೇಜು ಸೇರಲು ಹೊರಟವನಿಗೆ ಬುದ್ಧಿ ಹೇಳುವವರು ಕಡಿಮೆ ಏನಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು, ನೆನಪಿನ ಶಕ್ತಿಗೆ ಎಷ್ಟು ಬಾದಾಮಿ ನೆನೆಹಾಕಬೇಕು, ಯಾವ ದೇವರಿಗೆ ಕಾಯಿ ಒಡೆಸಬೇಕು, ಎಲ್ಲ ಹೇಳುತ್ತಾರೆ. ಗ್ಯಾಪ್ ಸರ್ಟಿಫಿಕೇಟ್ ಬೇಕಾಗುತ್ತದೆ ಅಂತ ಮಾತ್ರ ಒಬ್ಬರೂ ಹೇಳುವುದಿಲ್ಲ. ಅದನ್ನು ಕೌಂಟರಿನಲ್ಲಿ ಕೂತವರ ಬಾಯಿಂದಲೇ ಕೇಳಬೇಕು.

ಹಿಂದಿನ ಪರೀಕ್ಷೆ ಪಾಸಾದ ವರ್ಷಕ್ಕೂ ಈಗ ಸೇರುವ ವರ್ಷಕ್ಕೂ ನಡುವೆ ನೀವು ಏನು ಮಾಡುತ್ತಿದ್ದಿರಿ ಅಂತ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಹೇಳುವ ಅಫಿಡವಿಟ್ಟು ಅದು. ನೋಟರಿ ಸಹಿ ಆಗಬೇಕು. ಕೋರ್ಟಿನ ಹತ್ತಿರ ಟೈಪ್ ಮಾಡಿಕೊಡುವವರ ಕಂಪ್ಯೂಟರಿನಲ್ಲಿ ಅದರ ನಮೂನೆ ತಯಾರೇ ಇರುತ್ತದೆ. ಒಂದು ವರ್ಷ, ಎರಡು ವರ್ಷ ತಪ್ಪಿಸಿಕೊಂಡ ಹುಡುಗರು ಬಂದು ಹೋಗುವ ಜಾಗ. ನಾನು ಹೋಗಿ 1997 ಅಂದೆ. ಆತ ಕೀಲಿಮಣೆ ಮೇಲಿಂದ ಕೈ ತೆಗೆದ.

"ಹುಟ್ಟಿದ್ದಾ, ಪಾಸಾಗಿದ್ದಾ?"

"ಪಾಸಾಗಿದ್ದು."

"ಮಗಂದಾ ರೀ?"

"ನಂದೇ."

ಆತ ಒಂದು ಸಲ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಟೈಪಿಗೆ ಕೂತ. "ಕಾರಣ ಏನ್ ಹಾಕ್ಲಿ? ಅನಾರೋಗ್ಯ ಐತೆ, ಕೌಟುಂಬಿಕ ಸಮಸ್ಯೆ ಐತೆ." ವ್ಯಾಪಾರ ಅಂತ ಹಾಕಿ ಅಂದೆ. "ವ್ಯಾಪಾರ ಅಂದ್ರೆ ಮತ್ತೆ ಅದಕ್ಕೆ ದಾಖಲೆ ಕೇಳ್ತಾರೆ, ಸುಮ್ನೆ ಯಾಕೆ? ಕೌಟುಂಬಿಕ ಅಂತಾನೇ ಇರ್ಲಿ ಬಿಡ್ರಿ." ಹೀಗೆ ಕಾಲು ಶತಮಾನಕ್ಕೂ ಜಾಸ್ತಿಯಾದ ನನ್ನ ಸಂಸಾರ ಐವತ್ತು ಅಕ್ಷರದೊಳಗೆ ಒಂದು ಸಮಸ್ಯೆಯಾಗಿ ದಾಖಲಾಯಿತು. ಅದರ ಕೆಳಗೆ ಇನ್ನೊಂದು ಸಾಲು: ಸದರಿ ಅವಧಿಯಲ್ಲಿ ನಾನು ಯಾವುದೇ ಕಾನೂನುಬಾಹಿರ ಚಟುವಟಿಕೆಯಲ್ಲಿ ತೊಡಗಿರುವುದಿಲ್ಲ. ಮನೆಗೆ ತಂದಾಗ ಹೆಂಡತಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಕಾನೂನುಬಾಹಿರದ ವಿಷಯಕ್ಕೆ ಏನೂ ಅನ್ನಲಿಲ್ಲ. "ಸಮಸ್ಯೆ ಅಂತ ಬರ್ಸೀರಲ್ಲ, ಅದು ಯಾರು?" ಅಂದಳು.

ಆ ಗ್ಯಾಪಿನ ತುಂಬ ಇದ್ದದ್ದು ಜಿಪ್ಪು, ಗುಂಡಿ. ಬಳ್ಳಾರಿ ಜೀನ್ಸ್ ಅಂತ ನೀವು ಕೇಳಿರುತ್ತೀರಿ. ಬೇರೆಯವರಿಗೆ ಪ್ಯಾಂಟು ಕಾಣುವ ಕಡೆ ನನಗೆ ಜಿಪ್ಪಿನ ರನ್ನರು, ಸೊಂಟದ ಲೋಹದ ಗುಂಡಿ, ಜೇಬಿನ ಮೂಲೆ ಕಿತ್ತು ಬರದಂತೆ ಹೊಡೆದ ರಿವೀಟು, ಒಳಗಿನ ಲೇಬಲ್ಲು ಕಾಣುತ್ತವೆ. ಇಲ್ಲಿ ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಓಣಿಯಲ್ಲಿ, ವಾಷಿಂಗ್ ಮತ್ತೊಂದು ಕಡೆ. ಎಲ್ಲಿ ಹೊಲಿದರೂ ಗುಂಡಿ ಬೇಕೇ ಬೇಕು, ಗುಂಡಿ ಬೇಕೆಂದರೆ ನನ್ನಂಥವರ ಅಂಗಡಿಗೆ ಬರಬೇಕು. ಗುಂಡಿಯದು ಗ್ರೋಸ್ ಲೆಕ್ಕ, ಗ್ರೋಸಿಗೆ 144. ಈ ಲೆಕ್ಕದಲ್ಲೇ ನನ್ನ ಹರೆಯ ಹೋಯಿತು. ಆಮೇಲೆ ಮಗ ಅಂಗಡಿಗೆ ಬಂದ. ಸ್ಟಾಕನ್ನೆಲ್ಲ ಮೊಬೈಲಿಗೆ ಹಾಕಿದ. ಮಧ್ಯಾಹ್ನದವರೆಗೆ ಗಲ್ಲಾದ ಮುಂದೆ ನನಗೆ ಕೆಲಸವೇ ಇಲ್ಲ ಅಂತ ಆಯಿತು. ಇತಿಹಾಸದ ಎಂ.ಎ. ಸೇರುತ್ತೇನೆ ಅಂದೆ. ಬಿ.ಎ.ಯಲ್ಲಿ ಇತಿಹಾಸ ಇತ್ತು, ಇಷ್ಟವೂ ಇತ್ತು. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಆದರೆ ಜನಕ್ಕೆ ದೊಡ್ಡ ಕಾರಣ ಬೇಕು. "ಇದನ್ನ ಓದಿ ಏನ್ ಮಾಡ್ತೀರಿ?" ಅಂತ ಕೇಳದವರು ನಮ್ಮ ಓಣಿಯಲ್ಲಿ ಯಾರೂ ಉಳಿದಿಲ್ಲ. ಇಪ್ಪತ್ತರ ಹುಡುಗ ಎಂ.ಎ. ಸೇರಿದರೆ ಈ ಪ್ರಶ್ನೆ ಕೇಳುವುದರಲ್ಲಿ ಅರ್ಥ ಇದೆ, ಪಾಪ, ಅವನು ಮುಂದೆ ಏನಾದರೂ ಮಾಡಲೇಬೇಕು. ನಾನು ಮಾಡುವುದನ್ನೆಲ್ಲ ಮಾಡಿಯೇ ಬಂದಿದ್ದೇನೆ. ಹಾಗಂತ ಹೇಳಿದರೆ ಜಂಬ ಅನ್ನುತ್ತಾರೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಇಟ್ಟುಕೊಂಡಿದ್ದೇನೆ. ಮಾಲು ಕಳಿಸುವ ಏಜೆಂಟರಿಗೆ "ಟೈಮ್‌ಪಾಸ್", ಬೀಗರಿಗೆ "ಮುಂದೆ ಪಿಎಚ್‌.ಡಿ.", ನಮ್ಮವ್ವನಿಗೆ "ಡಾಕ್ಟರು ಬೆಳಿಗ್ಗೆ ಹೊತ್ತು ಓಡಾಡು ಅಂದಾರೆ". ಮೂರನೆಯದೇ ಎಲ್ಲರಿಗಿಂತ ಬೇಗ ಒಪ್ಪಿಗೆಯಾಗಿದ್ದು.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆಯಲ್ಲ, ಅಂಗಡಿಯಲ್ಲಿ ಕೂತೇ ಓದಬಹುದಲ್ಲ ಅಂತಲೂ ಕೆಲವರು ಅಂದರು. ಒಳ್ಳೆಯ ಮಾತೇ. 1996ರಿಂದ ಎಷ್ಟೋ ಜನರಿಗೆ ಅದು ದಾರಿ ಮಾಡಿಕೊಟ್ಟಿದೆ. ನನಗೆ ಮಾತ್ರ ಬೆಂಚು ಬೇಕಾಗಿತ್ತು. ಪಕ್ಕದಲ್ಲಿ ಒಬ್ಬ ಕೂತಿರಬೇಕು, ಮುಂದೆ ಒಬ್ಬರು ನಿಂತು ಮಾತಾಡಬೇಕು, ಹಾಜರಿ ಕೂಗಬೇಕು.

ಗ್ಯಾಪ್ ಮುಗಿಯಿತು ಅನ್ನುವಷ್ಟರಲ್ಲಿ ಮೈಗ್ರೇಷನ್ ಸರ್ಟಿಫಿಕೇಟ್ ಬಂತು. ಒಂದು ವಿಶ್ವವಿದ್ಯಾಲಯದಲ್ಲಿ ಓದಿದವರು ಇನ್ನೊಂದಕ್ಕೆ ಸೇರಬೇಕಾದರೆ ಮೊದಲನೆಯವರು ಕೊಡುವ ಕಾಗದ. ನಾನು ಹುಟ್ಟಿದ್ದು ಬಳ್ಳಾರಿ, ಬಿ.ಎ. ಓದಿದ್ದು ಬಳ್ಳಾರಿ, ಅಂಗಡಿ ಬಳ್ಳಾರಿ, ಈಗ ಎಂ.ಎ.ಯೂ ಬಳ್ಳಾರಿಯಲ್ಲೇ. ಆದರೂ ನಾನು ವಲಸೆ ಬಂದವನು. ಯಾಕೆಂದರೆ 1997ರಲ್ಲಿ ನಮ್ಮ ಕಾಲೇಜುಗಳೆಲ್ಲ ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗಿದ್ದವು. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ನಮ್ಮೂರಿಗೆ ಬಂದದ್ದು 2010ರಲ್ಲಿ. ನಾನು ಜಿಪ್ಪು ಎಣಿಸುತ್ತಾ ಕೂತಿದ್ದಾಗ ಅದು ಬಂದು ಪಕ್ಕದಲ್ಲಿ ನಿಂತಿದೆ, ಕಾಗದ ತರುವವನು ನಾನು! ಕಲಬುರಗಿಗೆ ಹೋಗಿ ಬಂದೆ. ಹಳೆಯ ಅಂಕಪಟ್ಟಿಯ ಇಂಗ್ಲಿಷಿನಲ್ಲಿ ಬೆಲ್ಲಾರಿ, ಗುಲ್ಬರ್ಗ ಅಂತಿದೆ. 2014ರ ನವೆಂಬರ್ 1ರಿಂದ ಎರಡೂ ಊರಿನ ಸ್ಪೆಲಿಂಗು ಬದಲಾಗಿದೆ. ಅರ್ಜಿಯಲ್ಲಿ ಯಾವುದನ್ನು ತುಂಬಬೇಕು ಅಂತ ಸೈಬರ್ ಸೆಂಟರಿನ ಹುಡುಗಿ ಕೇಳಿದಳು. ಅಂಕಪಟ್ಟಿಯಲ್ಲಿ ಇದ್ದಂತೆ ಒಂದು, ಆಧಾರಿನಲ್ಲಿ ಇದ್ದಂತೆ ಒಂದು ಅಂತ ಅವಳೇ ತೀರ್ಮಾನ ಮಾಡಿದಳು.

ಅಪ್ಪ ಇದ್ದಿದ್ದರೆ ನಗುತ್ತಿದ್ದರು. ಅವರು ಹುಟ್ಟಿದಾಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು. ಇದ್ದ ಓಣಿಯಲ್ಲೇ ಇದ್ದುಕೊಂಡು ಅವರಿಗೆ ರಾಜ್ಯ ಬದಲಾಯಿತು, ನನಗೆ ವಿಶ್ವವಿದ್ಯಾಲಯ ಬದಲಾಯಿತು. ಹೊಸಪೇಟೆಯ ನಮ್ಮ ಭಾವನವರಿಗೆ 2021ರಲ್ಲಿ ಜಿಲ್ಲೆಯೇ ಬದಲಾಯಿತು. ನಮ್ಮ ಕಡೆಯವರು ಬಸ್ಸು ಹತ್ತದೆ ಊರೂರು ತಿರುಗಿದವರು.

ತರಗತಿಗೆ ಹೋದ ದಿನ ಹುಡುಗರೆಲ್ಲ ಮೇಷ್ಟ್ರು ಬಂದರು ಅಂತ ಎದ್ದು ನಿಲ್ಲುತ್ತಾರೆ, ಮುಜುಗರ ಆಗುತ್ತೆ ನೋಡು ಅಂತ ಗೆಳೆಯರು ಹೆದರಿಸಿದ್ದರು. ಯಾರೂ ನಿಲ್ಲಲಿಲ್ಲ. ಈಗ ಮೇಷ್ಟ್ರು ಬಂದರೂ ಅರ್ಧ ಜನ ಮೊಬೈಲ್ ಕೆಳಗಿಟ್ಟು ಏಳುವಷ್ಟರಲ್ಲಿ ಅವರು ಕೂತಿರಿ ಅಂದಾಗಿರುತ್ತದೆ. ಒಬ್ಬ ಹುಡುಗ ಮಾತ್ರ ಬಹಳ ಮರ್ಯಾದೆಯಿಂದ, "ಅಂಕಲ್, ಫೀಸ್ ಕಟ್ಟೋದು ಕೆಳಗಡೆ ರೀ" ಅಂದ. ಅವನ ಪಕ್ಕದಲ್ಲೇ ಹೋಗಿ ಕೂತೆ. ಸಿರುಗುಪ್ಪ ಕಡೆಯ ಹುಡುಗ. ಈಗಲೂ ಅಲ್ಲೇ ಕೂರುತ್ತೇನೆ. ಅಂಕಲ್ ಅನ್ನುವುದು ಗಟ್ಟಿಯಾಗಿಬಿಟ್ಟಿದೆ. ಹುಡುಗಿಯರು ಕೆಲವರು ಅಣ್ಣ ಅನ್ನುತ್ತಾರೆ, ಅದು ದಾಕ್ಷಿಣ್ಯಕ್ಕೆ. ಕಷ್ಟ ಇರುವುದು ನಮ್ಮ ಅಧ್ಯಾಪಕರಿಗೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. ಎಲ್ಲರಿಗೂ "ಏನಪ್ಪಾ, ಓದ್ಕೊಂಡು ಬಂದಿಲ್ವಾ?" ಅಂತ ಜೋರು ಮಾಡುತ್ತಾ ಬಂದು, ನನ್ನ ಬೆಂಚಿಗೆ ಮುಟ್ಟಿದಾಗ "ನೀವು... ಓದಿರ್ತೀರಿ ಬಿಡಿ" ಅಂತ ಮುಂದೆ ಹೋಗುತ್ತಾರೆ. ಓದಿರುವುದಿಲ್ಲ. ವಯಸ್ಸಿಗೆ ಕೊಡುವ ಇಂಥ ರಿಯಾಯಿತಿಯನ್ನು ಬೇಡ ಅನ್ನುವಷ್ಟು ದೊಡ್ಡತನ ನನಗೆ ಇನ್ನೂ ಬಂದಿಲ್ಲ.

ಹಾಜರಿಯಲ್ಲಿ ರಿಯಾಯಿತಿ ಇಲ್ಲ. ನೂರಕ್ಕೆ ಎಪ್ಪತ್ತೈದು ಎಂದರೆ ಎಪ್ಪತ್ತೈದೇ. ಮದುವೆ ಸೀಸನ್ನಿನಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. "ಕ್ಲಾಸ್ ಐತೆ" ಅಂದರೆ ಮೊದಲು ನಗುತ್ತಾರೆ, ಆಮೇಲೆ ಬಿಟ್ಟುಬಿಡುತ್ತಾರೆ.

ಓದಿಗಿಂತ ಕಷ್ಟ ಕಣ್ಣಿನದು. ನಲವತ್ತು ದಾಟಿದಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗುತ್ತಾ ಬರುತ್ತದೆ. ಹತ್ತಿರದ್ದನ್ನು ನೋಡಬೇಕಾದರೆ ಅದು ಉಬ್ಬಬೇಕು, ಉಬ್ಬುವುದಿಲ್ಲ. ಅದಕ್ಕೇ ಚಾಳೀಸು. ಅಂಗಡಿಯಲ್ಲಿ ಚಾಳೀಸಿನಿಂದ ತೊಂದರೆ ಆಗಿರಲಿಲ್ಲ, ಬಿಲ್ಲು ಹತ್ತಿರ, ಗಿರಾಕಿಯೂ ಹತ್ತಿರ. ಇಲ್ಲಿ ಬೋರ್ಡು ದೂರ, ನೋಟ್‌ಬುಕ್ಕು ಹತ್ತಿರ. ಚಾಳೀಸು ಹಾಕಿದರೆ ಬೋರ್ಡಿನ ಮೇಲಿನ ಶಾತವಾಹನರು ಮಸುಕು, ತೆಗೆದರೆ ನಾನು ಬರೆದ ಶಾತವಾಹನರು ಮಸುಕು. ಮೂಗಿನ ತುದಿಗೆ ಇಳಿಸಿಕೊಂಡು, ಮೇಲೆ ನೋಡುವಾಗ ಗಾಜಿನ ಆಚೆಯಿಂದ, ಕೆಳಗೆ ನೋಡುವಾಗ ಗಾಜಿನ ಒಳಗಿಂದ ನೋಡುವ ಅಭ್ಯಾಸ ಮಾಡಿಕೊಂಡೆ. ನಮ್ಮ ಹಳೆಯ ಮೇಷ್ಟ್ರುಗಳು ಹೀಗೇ ನೋಡುತ್ತಿದ್ದರು. ಆಗ ಅದನ್ನು ಸಿಟ್ಟು ಅಂದುಕೊಂಡಿದ್ದೆವು.

ಇನ್ನು ಕೈ. ಬಿಲ್ಲು ಬರೆಯುವ ಕೈಗೆ ಅಂಕಿ ಚೆನ್ನಾಗಿ ಬರುತ್ತದೆ, ಸಾಲು ಬರುವುದಿಲ್ಲ. ಮೊದಲನೆಯ ಇಂಟರ್ನಲ್ ಪರೀಕ್ಷೆಯಲ್ಲಿ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಹಿಡಿದುಕೊಂಡಿತು. ಪೆನ್ನು ಕೆಳಗಿಟ್ಟು ಕೈ ಒದರಿದೆ. ವಯಸ್ಸಾಯಿತು ಅಂದುಕೊಳ್ಳುತ್ತಾ ಅತ್ತ ಇತ್ತ ನೋಡಿದರೆ ಇಡೀ ತರಗತಿ ಕೈ ಒದರುತ್ತಿದೆ! ಸಿರುಗುಪ್ಪದ ಹುಡುಗನಂತೂ ಬೆರಳು ಒಂದೊಂದಾಗಿ ಮುರಿದು ನೆಟಿಕೆ ತೆಗೆಯುತ್ತಿದ್ದ. ಅವರು ಮೊಬೈಲಿನಲ್ಲಿ ಬರೆದು ಬೆಳೆದವರು, ನಾನು ಬಿಲ್ಲಿನಲ್ಲಿ. ಅವತ್ತು ಆದಷ್ಟು ಸಮಾಧಾನ ಪಾಸಾದಾಗಲೂ ಆಗಲಿಲ್ಲ.

ಎಲ್ಲರೂ ಹೇಳುವ ಇನ್ನೊಂದು ಮಾತಿದೆ: "ನಿಮಗೇನು ಬಿಡಿ, ಜೀವನದ ಅನುಭವ ಐತೆ." ಈ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಬಾದಾಮಿ ಚಾಲುಕ್ಯರ ವಂಶಾವಳಿ ನೆನಪಿಡಲು ಯಾವ ಅನುಭವವೂ ಸಹಾಯಕ್ಕೆ ಬರುವುದಿಲ್ಲ. ಒಂದೇ ಒಂದು ಸಲ ಬಂತು, ಅದರ ಕಥೆ ಕೇಳಿ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಹತ್ತಿರ ಬೂದಿ ದಿಬ್ಬ ಇದೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ರಾಕ್ಷಸನನ್ನು ಸುಟ್ಟ ಬೂದಿ ಅಂತ ಅಜ್ಜಿ ಹೇಳಿದ್ದಳು. ಹಂಪಿ ಹತ್ತಿರ ನಿಂಬಾಪುರದಲ್ಲಿ ಇಂಥದೇ ಇನ್ನೊಂದು, ಅದು ವಾಲಿಯದು ಅನ್ನುತ್ತಾರೆ. ಇಷ್ಟು ವರ್ಷ ಅದಕ್ಕಿಂತ ಜಾಸ್ತಿ ನಾನೂ ವಿಚಾರ ಮಾಡಿರಲಿಲ್ಲ. ತರಗತಿಯಲ್ಲಿ ಗೊತ್ತಾಯಿತು, ಅದು ದನದ ಸಗಣಿ. ಸುಮಾರು ನಾಲ್ಕು ಐದು ಸಾವಿರ ವರ್ಷದ ಹಿಂದೆ ಈ ಕಡೆ ದನ ಸಾಕಿಕೊಂಡಿದ್ದ ಜನ ದೊಡ್ಡಿಯಲ್ಲಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲೇ ಸಗಣಿಯ ಮಾತು ಹೇಳಿದ್ದರು. ಈಗ ತೆಲಂಗಾಣದಲ್ಲಿರುವ ಉತ್ನೂರಿನ ದಿಬ್ಬವನ್ನು 1950ರ ದಶಕದಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಅಷ್ಟು ಹಳೆಯ ಒಂದು ಸಂಜೆ ದೊಡ್ಡಿಗೆ ನುಗ್ಗಿದ ದನದ ಹೆಜ್ಜೆ. ಕುಡತಿನಿಯಲ್ಲಂತೂ ಬೆಂಕಿಯ ಕಾವಿಗೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾದ ಉಂಡೆಗಳಿವೆ.

"ಸಗಣಿಗೆ ಅಷ್ಟು ಕಾವು ಬರುತ್ತಾ ಸರ್?" ಅಂತ ಒಬ್ಬ ಹುಡುಗಿ ಕೇಳಿದಳು. ಆಗ ನಾನು ಕೈ ಎತ್ತಿದೆ. ಅಜ್ಜಿಯ ಊರಿನಲ್ಲಿ ಒಂದು ಬೇಸಿಗೆ ತಿಪ್ಪೆಗೆ ಬೆಂಕಿ ಬಿದ್ದಿತ್ತು. ಮೇಲೆ ನೋಡಿದರೆ ಏನೂ ಇಲ್ಲ, ಒಳಗೊಳಗೇ ದಿನಗಟ್ಟಲೆ ಉರಿಯಿತು. ಕೋಲು ಚುಚ್ಚಿದರೆ ಕೋಲಿನ ತುದಿ ಕೆಂಪಾಗಿ ಬರುತ್ತಿತ್ತು. ಅದನ್ನೆಲ್ಲ ಹೇಳಿದೆ. ಅಧ್ಯಾಪಕರಿಗೆ ಖುಷಿಯಾಯಿತು. ಹುಡುಗಿಯೂ ತಲೆಯಾಡಿಸಿದಳು. ಪಕ್ಕದಿಂದ ಸಿರುಗುಪ್ಪದವನು ಮೆಲ್ಲಗೆ, "ಅಂಕಲ್, ಅಸೈನ್‌ಮೆಂಟಿಗೆ ಇದನ್ನ ಹಾಕ್ತೀನಿ. ರೆಫರೆನ್ಸ್ ಏನಂತ ಬರೀಲಿ?" ಅಂದ. ಅಜ್ಜಿಯ ಊರಿನ ತಿಪ್ಪೆಗೆ ಲೇಖಕರು ಯಾರು, ಪ್ರಕಾಶಕರು ಯಾರು? ಬಿಟ್ಟುಬಿಟ್ಟೆವು. ಆಲ್ಚಿನ್ ಅವರನ್ನೇ ಹಾಕಿದೆವು.

ಮುಂದಿನ ವಾರ ನೋಡಲು ಹೋಗುತ್ತಿದ್ದೇವೆ. ಬೆಳಿಗ್ಗೆ ಊರೊಳಗಿನ ಫೂಟ್ ಹೆಸರಿನ ಮ್ಯೂಸಿಯಂ, ಅಲ್ಲಿಂದ ಸಂಗನಕಲ್ಲು ಗುಡ್ಡ. ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಅದು, ಬಡಿದರೆ ಗಂಟೆಯ ಹಾಗೆ ಸದ್ದು ಮಾಡುವ ಬಂಡೆಗಳೂ ಇವೆ. ಮಧ್ಯಾಹ್ನದ ಮೇಲೆ ಕುಡತಿನಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸುವ ಜವಾಬ್ದಾರಿ ಹುಡುಗರದು. ಟಿಟಿ ಗಾಡಿಯ ಬಾಡಿಗೆ ಮಾತಾಡುವುದು ಮಾತ್ರ ಎಲ್ಲರೂ ಸೇರಿ ನನಗೇ ಒಪ್ಪಿಸಿದರು. "ಅಂಕಲ್ ವ್ಯಾಪಾರಸ್ಥರು, ಚೌಕಾಸಿ ಅವರೇ ಮಾಡ್ಲಿ." ಕೊನೆಗೂ ಆ ಗ್ಯಾಪಿಗೆ ಒಂದು ಬೆಲೆ ಬಂತಲ್ಲ ಅಂತ ನಾನೂ ಹುರುಪಿನಿಂದ ಹೋದೆ. ಗುರುತಿನ ಗಾಡಿಯವನು. ಚಹಾ ಕುಡಿಸಿದೆ, ಅವನ ಮಗಳ ಮದುವೆ ವಿಚಾರಿಸಿದೆ, ಎದ್ದು ಹೊರಟಂತೆ ಮಾಡಿದೆ, ಬಲ್ಲ ವಿದ್ಯೆಯನ್ನೆಲ್ಲ ಹಾಕಿ ಸಾವಿರ ರೂಪಾಯಿ ಇಳಿಸಿಕೊಂಡು ಬಂದೆ. ಬಂದು ಹೇಳಿದರೆ ಕಾವಿನ ಪ್ರಶ್ನೆ ಕೇಳಿದ ಆ ಹುಡುಗಿ, "ಅಷ್ಟಾ ಅಣ್ಣ? ಒಂದ್ ನಿಮಿಷ ಇರಿ" ಅಂತ ಮೊಬೈಲ್ ತೆಗೆದಳು. ಯಾರೋ ಅವಳ ದೊಡ್ಡಪ್ಪನ ಮಗನಂತೆ. ತೆಲುಗು ಕನ್ನಡ ಎರಡೂ ಕಲಸಿ ಎರಡು ನಿಮಿಷ ಮಾತಾಡಿದಳು. ನನ್ನದಕ್ಕಿಂತ ಐನೂರು ಕಡಿಮೆ, ಡೀಸೆಲ್ ಸೇರಿ.