1794ರ ಕಾನೂನು ಪ್ಯಾರಿಸ್‌ನಲ್ಲಿ ಹುಟ್ಟಿದ್ದಲ್ಲ

ಚಿಂತಕರಾದ ವಾಲ್ಟೇರ್, ರೂಸೋ ವಿಚಾರಗಳ ಬಲದಿಂದಲೇ ಫ್ರಾನ್ಸ್ 1794ರಲ್ಲಿ ಗುಲಾಮಗಿರಿ ರದ್ದು ಮಾಡಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲು ನನಗೆ ಆಗುವುದಿಲ್ಲ. ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು ಎಂಬ ಘೋಷಣೆ ಬಂದದ್ದು 1789ರ ಆಗಸ್ಟ್‌ನಲ್ಲಿ. ಹಾಗಾದರೆ ನಡುವಿನ ನಾಲ್ಕೂವರೆ ವರ್ಷ ಯಾಕೆ ಬೇಕಾಯಿತು? ವಸಾಹತುಗಳಲ್ಲಿ ಗುಲಾಮರ ದುಡಿಮೆಯಿಂದ ಬರುತ್ತಿದ್ದ ಸಕ್ಕರೆ, ಕಾಫಿಯ ಲಾಭ ಬಿಡಲು ಆಳುವವರಿಗೆ ಮನಸ್ಸಿರಲಿಲ್ಲ, ಅಷ್ಟೇ.

1791ರಲ್ಲಿ ಫ್ರಾನ್ಸ್‌ನ ವಸಾಹತಾಗಿದ್ದ ಸಾಂ-ದೊಮಿಂಗ್‌ನ, ಅಂದರೆ ಈಗಿನ ಹೈಟಿಯ, ಗುಲಾಮರೇ ದಂಗೆ ಎದ್ದು ಕಬ್ಬಿನ ತೋಟಗಳಿಗೆ ಬೆಂಕಿ ಇಟ್ಟರು. ಸ್ಪೇನ್, ಬ್ರಿಟನ್ ಜೊತೆ ಯುದ್ಧವೂ ಶುರುವಾದ ಮೇಲೆ, 1793ರಲ್ಲಿ, ಅಲ್ಲಿದ್ದ ಫ್ರೆಂಚ್ ಅಧಿಕಾರಿಗಳು ಬೇರೆ ದಾರಿ ಇಲ್ಲದೆ ಗುಲಾಮರಿಗೆ ಬಿಡುಗಡೆ ಘೋಷಿಸಿದರು. ಪ್ಯಾರಿಸ್ ಒಪ್ಪಿದ್ದು ಆಮೇಲೆ. ದ್ವೀಪದಿಂದ ಪ್ಯಾರಿಸ್‌ನ ಶಾಸನಸಭೆಗೆ ಸದಸ್ಯರಾಗಿ ಬಂದ ಜಾನ್-ಬಾಪ್ಟಿಸ್ಟ್ ಬೆಲ್ಲಿ ಸ್ವತಃ ಗುಲಾಮರಾಗಿದ್ದವರು. ಅವರು ಸಭೆಯೊಳಗೆ ಕೂತ ಮರುದಿನವೇ, ಫೆಬ್ರವರಿ 4ರಂದು, ಈ ಕಾನೂನು ಪಾಸಾಯಿತು. ಇದು ಸುಮ್ನೆ ಕಾಕತಾಳೀಯ ಅಲ್ಲ ಅಲ್ವಾ?

1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ತಂದ. ಹೈಟಿಯ ಜನ ಅವನ ಸೇನೆಯನ್ನು ಸೋಲಿಸಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಅದೇ ಜನರಿಂದ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು! ಇಷ್ಟು ಉದ್ದದ ಲೇಖನದಲ್ಲಿ ಹೈಟಿಯ ಹೋರಾಟದ ನಾಯಕ ಟೂಸಾಂ ಲೂವೆರ್ತೂರ್ ಹೆಸರು ಒಂದು ಕಡೆಯೂ ಇಲ್ಲದ್ದು ನೋಡಿ ಬೇಜಾರಾಯಿತು. ದಯವಿಟ್ಟು ಸೇರಿಸಿ.