ಮಂಗಳವಾರದ ಕಂತು

2019ರ ಮೇ ತಿಂಗಳಲ್ಲಿ ಕಾರವಾರದವರಿಗೆ ಮಾತಿನ ವಿಷಯಕ್ಕೆ ಬರವಿರಲಿಲ್ಲ. ಲೋಕಸಭೆಯ ಮತದಾನ ಮುಗಿದು ಎಲ್ಲರೂ 23ನೇ ತಾರೀಖಿನ ಎಣಿಕೆಗೆ ಕಾಯುತ್ತಿದ್ದರು. ಅಂಕೋಲೆಯ ಇಶಾಡ ಮಾವು ಪೇಟೆಗೆ ಇಳಿದಿತ್ತು. ಜೂನ್ ಒಂದರಿಂದ ಬೋಟುಗಳು ದಡ ಸೇರುವುದರಿಂದ ಮೀನಿನ ದರ ಎಲ್ಲಿಗೆ ಮುಟ್ಟೀತೆಂಬ ಚಿಂತೆ ಮನೆಮನೆಯಲ್ಲೂ ಇತ್ತು. ಇಷ್ಟಿದ್ದೂ ನಮ್ಮ ಸಂಜೆಯ ಕೂಟದಲ್ಲಿ ಐದು ವಾರಗಳ ಕಾಲ ಮೇಲುಗೈ ಪಡೆದದ್ದು ಮೂವತ್ತಮೂರು ವರ್ಷಗಳ ಹಿಂದೆ ಸೋವಿಯತ್ ದೇಶದಲ್ಲಿ ಸಿಡಿದ ಒಂದು ಅಣು ರಿಯಾಕ್ಟರು. ಎಚ್‌ಬಿಒ ವಾಹಿನಿಯ ‘ಚೆರ್ನೋಬಿಲ್’ ಸರಣಿ ಮೇ 6ರಂದು ಆರಂಭವಾಗಿ ವಾರಕ್ಕೊಂದರಂತೆ ಐದು ಕಂತುಗಳಲ್ಲಿ ಜೂನ್ 3ಕ್ಕೆ ಮುಗಿಯಿತು. ಅಮೆರಿಕದಲ್ಲಿ ಅದು ಸೋಮವಾರ ರಾತ್ರಿಯ ಕಾರ್ಯಕ್ರಮ. ನಮ್ಮ ಗಡಿಯಾರಕ್ಕೆ ಆಗ ಮಂಗಳವಾರವಾಗಿರುತ್ತಿತ್ತು. ಹೀಗಾಗಿ ನಮ್ಮ ಪಾಲಿಗೆ ಅದು ಮಂಗಳವಾರದ ಕಂತು.

ಕಾರವಾರಕ್ಕೂ ಈ ಕಥೆಗೂ ಏನು ಸಂಬಂಧವೆಂದು ಕೇಳುವವರು ಈ ಜಿಲ್ಲೆಯವರಲ್ಲ. ಪೇಟೆಯಿಂದ ಕಾಳಿ ನದಿಯ ಗುಂಟ ಮೂಡಣಕ್ಕೆ ಸುಮಾರು 55 ಕಿಲೋಮೀಟರು ಹೋದರೆ ಕೈಗಾ; ಅಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2016ರ ಮೇ 13ರಿಂದ ಒಂದು ಗಳಿಗೆಯೂ ನಿಲ್ಲದೆ 962 ದಿನ ಓಡಿ, 2018ರ ಕೊನೆಯ ದಿನ ವಿರಮಿಸಿ, ಜಗತ್ತಿನಲ್ಲೇ ಅತಿ ದೀರ್ಘಕಾಲ ಸತತವಾಗಿ ನಡೆದ ರಿಯಾಕ್ಟರೆಂಬ ದಾಖಲೆ ಮಾಡಿತ್ತು. ಆ ಹೆಮ್ಮೆಯ ಬಿಸಿ ಆರುವ ಮೊದಲೇ ಈ ಸರಣಿ ಬಂದುದರಿಂದ, ಬೇರೆಯವರು ಪರದೇಶದ ಹಳೆಯ ದುರಂತವೆಂದು ನೋಡಿದ್ದನ್ನು ನಾವು ನಮ್ಮದೇ ತಾಲೂಕಿನ ವಿಷಯವೆಂಬಂತೆ ನೋಡಿದೆವು.

ಕೂಟದ ಪ್ರಮುಖರನ್ನು ಪರಿಚಯಿಸಬೇಕು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮಾಸ್ತರು ಒಬ್ಬರು. ನೋಡುವುದು ಅವರ ಮನೆಯಲ್ಲಿಯೇ, ಏಕೆಂದರೆ ಫೋನಿನಲ್ಲಿ ಬರುವುದನ್ನು ಟಿವಿಗೆ ದಾಟಿಸುವ ವಿದ್ಯೆ ಬಲ್ಲ ಮೊಮ್ಮಗಳು ಇದ್ದದ್ದು ಅವರಿಗೆ ಮಾತ್ರ. ಇನ್ನೊಬ್ಬರು ಶಿರಸಿ ಕಡೆಯ ಹವ್ಯಕರು, ಕೈಗಾದಲ್ಲಿ ಎಂಜಿನಿಯರರಾಗಿದ್ದು ಕಾರವಾರದಲ್ಲಿ ನೆಲೆನಿಂತವರು. ಊರಲ್ಲಿ ಎಲ್ಲರೂ ಅವರನ್ನು ಕೈಗಾ ಸಾಹೇಬರೆನ್ನುತ್ತಾರೆ. ಮೂರನೆಯವರು ಪ್ರಾಥಮಿಕ ಶಾಲೆಯ ಅಕ್ಕೋರು. ಅವರು ಕಾಲೇಜಿನಲ್ಲಿದ್ದಾಗ ಕೈಗಾ ವಿರೋಧಿ ಮೆರವಣಿಗೆಯಲ್ಲಿ ನಡೆದವರು. 1989ರಲ್ಲಿ ಶಿವರಾಮ ಕಾರಂತರು ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಇಲ್ಲಿಂದ ಲೋಕಸಭೆಗೆ ನಿಂತು ಸೋತದ್ದನ್ನು ಇನ್ನೂ ತಮ್ಮ ಸ್ವಂತ ಸೋಲೆಂದೇ ಭಾವಿಸುವವರು. ಒಂದೇ ಕಂತನ್ನು ಒಂದೇ ಸೋಫಾದ ಎರಡು ತುದಿಗಳಲ್ಲಿ ಕುಳಿತು ನೋಡಿದ ಸಾಹೇಬರೂ ಅಕ್ಕೋರೂ ಪ್ರತಿ ಬಾರಿಯೂ ತಮ್ಮ ತಮ್ಮ ವಾದವೇ ಗೆದ್ದಿತೆಂಬ ತೃಪ್ತಿಯಿಂದ ಏಳುತ್ತಿದ್ದರು. ಅಪಘಾತ ಆಗಿಯೇ ಆಗುತ್ತದೆಂಬುದಕ್ಕೆ ಅದು ಸಾಕ್ಷಿಯೆಂದು ಅಕ್ಕೋರು ಹೇಳಿದರೆ, ಅಂಥ ರಿಯಾಕ್ಟರನ್ನು ಅಂಥವರ ಕೈಗೆ ಕೊಟ್ಟರೆ ಮಾತ್ರ ಆಗುತ್ತದೆಂಬುದಕ್ಕೆ ಸಾಕ್ಷಿಯೆಂದು ಸಾಹೇಬರು ಹೇಳುತ್ತಿದ್ದರು.

ಮೊದಲ ಕಂತು ನಮಗೆ ಕೊಟ್ಟದ್ದು ಒಂದು ಅಂಕಿ: 3.6. ಸ್ಫೋಟದ ನಂತರ ವಿಕಿರಣವೆಷ್ಟೆಂದು ಕೇಳಿದ ಮೇಲಧಿಕಾರಿಗೆ ಗಂಟೆಗೆ 3.6 ರಾಂಟ್ಜನ್ ಎಂಬ ಉತ್ತರ ಬರುತ್ತದೆ. ಅಂಥ ಭಯಪಡುವಷ್ಟೇನಲ್ಲವೆಂದು ಆತ ಸಮಾಧಾನಗೊಳ್ಳುತ್ತಾನೆ. ಆದರೆ ಅವರ ಕೈಯಲ್ಲಿದ್ದ ಮಾಪಕದ ಮುಳ್ಳು ಅದಕ್ಕಿಂತ ಮೇಲಕ್ಕೆ ಹೋಗುವಂತೆಯೇ ಇರಲಿಲ್ಲ. ಇದು ಕಥೆಗಾಗಿ ಹುಟ್ಟಿಸಿದ ಮಾತಲ್ಲ. ಅಲ್ಲಿನ ಮಾಪಕಗಳ ಗರಿಷ್ಠ ಮಿತಿ ಸೆಕೆಂಡಿಗೆ ಒಂದು ಸಾವಿರ ಮೈಕ್ರೋರಾಂಟ್ಜನ್ ಆಗಿತ್ತು, ಅದನ್ನು ಗಂಟೆಯ ಲೆಕ್ಕಕ್ಕೆ ತಂದರೆ 3.6 ಆಗುತ್ತದೆ. ಈ ಗುಣಾಕಾರವನ್ನು ಮಾಸ್ತರು ಕಂತು ಮುಗಿಯುವುದರೊಳಗೆ ಪಂಚಾಂಗದ ಹಾಳೆಯ ಹಿಂದೆ ಮಾಡಿ ತೋರಿಸಿ, ಸರಣಿಯನ್ನು ಬರೆದವರಿಗೆ ಪಾಸು ಮಾರ್ಕು ಕೊಟ್ಟುಬಿಟ್ಟರು. ಅಂದಿನಿಂದ ನಮ್ಮ ಕೂಟದಲ್ಲಿ ಕುಶಲ ವಿಚಾರಿಸಿದವರಿಗೆ ಉತ್ತರವಾಗಿ ದೊರೆಯುತ್ತಿದ್ದದ್ದು ಈ ಅಂಕಿಯೇ. ಮಂಡಿನೋವು ಹೇಗಿದೆಯೆಂದರೆ ಮೂರು ಪಾಯಿಂಟ್ ಆರು. ಬಂಗಡೆ ಸಾರು ಹೇಗಾಯಿತೆಂದರೆ ಮೂರು ಪಾಯಿಂಟ್ ಆರು. ಎಣಿಕೆಯ ದಿನ ತಮ್ಮ ಪಕ್ಷ ಹಿಂದೆ ಬಿದ್ದವರೊಬ್ಬರು ಮಧ್ಯಾಹ್ನದವರೆಗೂ ಇದನ್ನೇ ಹೇಳುತ್ತಿದ್ದರು. ಜಗತ್ತಿನ ಎಲ್ಲೆಡೆಯೂ ಈ ಸರಣಿಯ ಅಭಿಮಾನಿಗಳು ಅದೇ ಅಂಕಿಯನ್ನು ಹಿಡಿದು ನಗೆಯಾಡಿದರೆಂದು ಮೊಮ್ಮಗಳು ವರದಿ ತಂದಾಗ, ಮಾಸ್ತರಿಗೆ ತಮ್ಮ ನಗೆಯನ್ನು ಯಾರೋ ಕದ್ದರೆಂಬಷ್ಟು ಬೇಸರವಾಯಿತು.

ಎರಡನೆಯ ಕಂತಿನ ಕೊನೆಯಲ್ಲಿ ಮೂವರು ನೌಕರರು ನೀರು ತುಂಬಿದ ನೆಲಮಾಳಿಗೆಗೆ ಇಳಿಯುತ್ತಾರೆ, ಅವರ ಬ್ಯಾಟರಿಗಳು ಒಂದೊಂದಾಗಿ ಆರಿ ಪರದೆ ಪೂರ್ತಿ ಕಪ್ಪಾಗುತ್ತದೆ. ನಮ್ಮಲ್ಲಿ ಯಾರೂ ಬೆಚ್ಚಿಬೀಳಲಿಲ್ಲ. ಮಳೆಗಾಲದ ಮೊದಲ ಗುಡುಗಿಗೆ ಕರೆಂಟು ತೆಗೆಯುವ ಊರಿನವರಾದ ನಾವು ಅದನ್ನು ಸಹಜವೆಂದೇ ತಿಳಿದಿದ್ದೆವು. ತಲೆಯ ಮೇಲೆ ಫ್ಯಾನು ತಿರುಗುತ್ತಿರುವುದನ್ನು ನೋಡಿದ ಮೇಲೆಯೇ ಅದು ಕಥೆಯೊಳಗಿನ ಕತ್ತಲೆಯೆಂದು ಖಾತ್ರಿಯಾದದ್ದು. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯನ್ನು ಅಕ್ಕೋರು ಆಗ ಸಾಹೇಬರ ಕಡೆ ನೋಡುತ್ತಲೇ ಹೇಳಿದರು. ಆ ಮೂವರು ಬದುಕುಳಿದರೋ ಇಲ್ಲವೋ ಎಂದು ವಾರವಿಡೀ ಚರ್ಚೆ ನಡೆಯಿತು. ಅವರು ಕೂಡಲೇ ಸಾಯಲಿಲ್ಲ, ಒಬ್ಬರು ತೀರಿಕೊಂಡದ್ದು 2005ರಲ್ಲಿ, ಉಳಿದಿಬ್ಬರು ಇನ್ನೂ ಇದ್ದಾರೆಂದು ಮಾಸ್ತರು ಗುರುವಾರವೇ ಹುಡುಕಿ ತಂದು ಹೇಳಿದ್ದಕ್ಕೆ ಎಲ್ಲರಿಂದಲೂ ಬೈಸಿಕೊಂಡರು. ಮುಂದಿನ ಕಥೆಯನ್ನು ಮೊದಲೇ ಹೇಳಬಾರದೆಂಬ ಹೊಸಗಾಲದ ಶಿಷ್ಟಾಚಾರವನ್ನು, 1986ರಲ್ಲಿ ನಡೆದುಹೋದ ಸಂಗತಿಗೂ ಅನ್ವಯಿಸಬೇಕೆಂಬುದು ಮೊಮ್ಮಗಳ ಖಚಿತ ನಿಲುವಾಗಿತ್ತು.

ಮಾಸ್ತರು ಇದನ್ನು ಒಪ್ಪದಿದ್ದುದಕ್ಕೆ ಕಾರಣವಿದೆ. ಅವರು ಯಕ್ಷಗಾನ ನೋಡಿ ಬೆಳೆದವರು. ಚಕ್ರವ್ಯೂಹ ಹೊಕ್ಕ ಅಭಿಮನ್ಯು ಹೊರಗೆ ಬರುವುದಿಲ್ಲವೆಂದು ಬಯಲಾಟದ ಪ್ರೇಕ್ಷಕರಲ್ಲಿ ತೊಟ್ಟಿಲ ಕೂಸನ್ನು ಬಿಟ್ಟು ಎಲ್ಲರಿಗೂ ಗೊತ್ತು. ಆದರೂ ಜನ ಬೆಳಗಿನವರೆಗೆ ಕೂರುತ್ತಾರೆ, ಏನಾಗುತ್ತದೆಂದು ತಿಳಿಯಲಿಕ್ಕಲ್ಲ, ಆಗುವುದನ್ನು ಈ ಸಲ ಹೇಗೆ ಆಡಿ ತೋರಿಸುತ್ತಾರೆಂದು ನೋಡಲಿಕ್ಕೆ. ಮರುದಿನ ಚಹದಂಗಡಿಯಲ್ಲಿ ದ್ರೋಣನ ಅರ್ಥಗಾರಿಕೆಯಲ್ಲಿ ಔಚಿತ್ಯ ತಪ್ಪಿತೆಂದು ವಾದಿಸುವವನು ಆಟವನ್ನು ದ್ವೇಷಿಸಿದವನಲ್ಲ. ಸಾಮಾನ್ಯವಾಗಿ ಅವನೇ ಮುಂದಿನ ಆಟಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಚಾಪೆ ಹಾಸುವವನು. ಈ ಸರಣಿಯೂ ತನ್ನ ಮೊದಲ ದೃಶ್ಯದಲ್ಲಿಯೇ ಕಥಾನಾಯಕನಾದ ವಿಜ್ಞಾನಿ ಲೆಗಾಸೊವ್ ಅವರ ಸಾವನ್ನು ತೋರಿಸಿ, ಕೊನೆಯನ್ನು ಬಚ್ಚಿಡುವ ಇರಾದೆ ತನಗಿಲ್ಲವೆಂದು ಸಾರಿಬಿಡುತ್ತದೆ. ಇಂಥದನ್ನು ನೋಡುವ ಕಣ್ಣು ಉತ್ತರ ಕನ್ನಡದವರಿಗೆ ಪಿತ್ರಾರ್ಜಿತವಾಗಿ ಬಂದಿದೆಯೆಂಬುದು ನನ್ನ ಅಭಿಪ್ರಾಯ.

ಆ ಕಣ್ಣು ಎಲ್ಲರಿಗಿಂತ ಚುರುಕಾಗಿದ್ದದ್ದು ಕೈಗಾ ಸಾಹೇಬರಿಗೆ. ಪ್ರತಿ ಮಂಗಳವಾರ ಕಂತು ಮುಗಿಯುತ್ತಿದ್ದಂತೆ ಅವರು ಎರಡು ಕೆಲಸ ಮಾಡಬೇಕಾಗುತ್ತಿತ್ತು. ಒಂದು, ಶಿರಸಿಯಿಂದ ಬರುವ ಫೋನುಗಳಿಗೆ ಉತ್ತರಿಸುವುದು. “ತಮಾ, ಅಲ್ಲಿ ಹಂಗಾತಡ, ನಿಂಗಳ ಕೈಗಾದಲ್ಲಿ ಎಂತೂ ಆಗ್ತಿಲ್ಯಲ?” ಎಂದು ಕೇಳುವ ದೊಡ್ಡಮ್ಮನಿಗೆ, ಅಲ್ಲಿಯದು ಗ್ರಾಫೈಟಿನ ರಿಯಾಕ್ಟರು, ನಮ್ಮದರಲ್ಲಿರುವುದು ಭಾರಜಲ, ಗ್ರಾಫೈಟು ಇಲ್ಲವೇ ಇಲ್ಲ, ಅಲ್ಲಿ ಎಲ್ಲವನ್ನೂ ಮುಚ್ಚಿಕೊಳ್ಳುವ ಗಟ್ಟಿ ಗುಮ್ಮಟವಿರಲಿಲ್ಲ, ನಮ್ಮಲ್ಲಿ ಒಂದರೊಳಗೊಂದು ಎರಡು ಇವೆ, ಅಲ್ಲಿನ ನಿಯಂತ್ರಣ ಸರಳುಗಳು ಪೂರ್ತಿ ಒಳಗಿಳಿಯಲು 18ರಿಂದ 20 ಸೆಕೆಂಡು ಬೇಕಿತ್ತು, ನಮ್ಮಲ್ಲಿ ಅಷ್ಟು ಹೊತ್ತು ಬೇಡ, ಮೇಲಾಗಿ ನಿಲ್ಲಿಸುವ ವ್ಯವಸ್ಥೆಗಳೇ ಎರಡು ಬೇರೆ ಬೇರೆ ಇವೆ ಎಂದು ಅವರು ವಿವರಿಸುವಷ್ಟರಲ್ಲಿ ದೊಡ್ಡಮ್ಮ ಅಡಿಕೆಯ ದರದ ಕಡೆಗೆ ಹೊರಳಿರುತ್ತಿದ್ದರು. ಇನ್ನೊಂದು, ಕಂತಿನ ತಪ್ಪುಗಳನ್ನು ಪಟ್ಟಿ ಮಾಡಿ ನಮಗೆ ಒಪ್ಪಿಸುವುದು. ಹೆಲಿಕಾಪ್ಟರು ಬಿದ್ದದ್ದು ಸ್ಫೋಟದ ಬೆನ್ನಿಗೇ ಅಲ್ಲ, ಅಕ್ಟೋಬರಿನಲ್ಲಿ, ಅದೂ ವಿಕಿರಣದಿಂದಲ್ಲ, ಕ್ರೇನಿನ ಹಗ್ಗಕ್ಕೆ ರೆಕ್ಕೆ ತಾಗಿ. ಖೊಮ್ಯುಕ್ ಎಂಬ ವಿಜ್ಞಾನಿ ಇತಿಹಾಸದಲ್ಲಿ ಇಲ್ಲ. ತನಿಖೆಯಲ್ಲಿ ದುಡಿದ ಅನೇಕರನ್ನು ಸೇರಿಸಿ ಆ ಒಬ್ಬಾಕೆಯನ್ನು ಸೃಷ್ಟಿಸಲಾಗಿದೆ. ಕೊನೆಯ ಕಂತಿನಲ್ಲಿ ನ್ಯಾಯಾಲಯದಲ್ಲಿ ನಿಂತು ಎಲ್ಲವನ್ನೂ ಬಯಲುಮಾಡುವ ಲೆಗಾಸೊವ್ ಆ ವಿಚಾರಣೆಗೆ ಹೋಗಿಯೇ ಇರಲಿಲ್ಲ.

ಇಷ್ಟು ತಪ್ಪು ಹಿಡಿದ ಮನುಷ್ಯ ಬೇಸತ್ತು ಎದ್ದುಹೋಗಬೇಕಿತ್ತು. ಆದರೆ ಅವರಷ್ಟು ಆಸ್ಥೆಯಿಂದ ಸರಣಿಯನ್ನು ನೋಡಿದವರು ಇನ್ನೊಬ್ಬರಿಲ್ಲ. ಸಂಜೆಯ ಕೌಟುಂಬಿಕ ಧಾರಾವಾಹಿಯಲ್ಲಿ ವಿಷ ಕುಡಿದ ಸೊಸೆ ಮರುದಿನ ಮಲ್ಲಿಗೆ ಮುಡಿದು ದೇವಸ್ಥಾನಕ್ಕೆ ಹೊರಟರೂ ನಾವು ತಕರಾರು ತೆಗೆಯುವುದಿಲ್ಲ, ಏಕೆಂದರೆ ಅಲ್ಲಿ ನಿಜದ ನಿರೀಕ್ಷೆಯನ್ನು ನಾವು ಎಂದೋ ಕೈಬಿಟ್ಟಿದ್ದೇವೆ. ವಿಜ್ಞಾನದ ನಾಟಕದಲ್ಲಿ ಮಾತ್ರ ತಪ್ಪು ಹಿಡಿಯುವ ಸುಖವಿದೆ; ಅಲ್ಲಿ ಒಂದು ಸರಿ ಉತ್ತರ ಎಲ್ಲೋ ಇದೆ, ಮಾಡಿದವರೂ ಅದನ್ನು ಮುಟ್ಟಲು ಹೆಣಗಿದ್ದಾರೆ ಎಂಬುದು ನೋಡುವವರಿಗೆ ಗೊತ್ತಿರುತ್ತದೆ. ಒಳಾಂಗಣದ ಆ ಫಲಕಗಳು, ಗುಂಡಿಗಳು, ಬಿಳಿ ಟೊಪ್ಪಿಗೆಗಳು ಸಾಹೇಬರನ್ನು ಎಷ್ಟು ಮರುಳುಮಾಡಿದವೆಂದರೆ, ಚಿತ್ರೀಕರಣದ ಒಂದು ಭಾಗವು ಲಿಥುವೇನಿಯಾದ ಇಗ್ನಾಲಿನಾದಲ್ಲಿ, ಅದೇ ಜಾತಿಯ ರಿಯಾಕ್ಟರುಗಳಿದ್ದ ಮುಚ್ಚಿದ ಸ್ಥಾವರದಲ್ಲಿ ನಡೆಯಿತೆಂದು ತಿಳಿದಾಗ ಅವರು ತೀರ್ಥಕ್ಷೇತ್ರದ ಹೆಸರು ಕೇಳಿದವರಂತೆ ಅದನ್ನು ಎರಡು ಸಲ ಉಚ್ಚರಿಸಿದರು.

ಅವರ ಪ್ರಾಮಾಣಿಕತೆಗೆ ಪರೀಕ್ಷೆ ಬಂದದ್ದು ಅಕ್ಕೋರಿಂದ. ನೀರು ಆವಿಯಾದರೆ ಅಲ್ಲಿನ ರಿಯಾಕ್ಟರಿನ ಶಕ್ತಿ ಏರುತ್ತಿತ್ತಲ್ಲ, ಆ ದೋಷ ನಿಮ್ಮ ಭಾರಜಲದ ರಿಯಾಕ್ಟರಿಗೆ ಸ್ವಲ್ಪವೂ ಇಲ್ಲವೇ ಎಂದು ಅವರು ನೇರವಾಗಿ ಕೇಳಿದರು. ಸಾಹೇಬರು ಕೋಕಂ ಶರಬತ್ತಿನ ಗ್ಲಾಸು ಕೆಳಗಿಟ್ಟು, ಸ್ವಲ್ಪ ಇದೆ, ಆದರೆ ಅಷ್ಟು ತೀವ್ರವಲ್ಲ, ಅದನ್ನು ಲೆಕ್ಕಕ್ಕೆ ಹಿಡಿದೇ ಎರಡೆರಡು ನಿಲುಗಡೆ ವ್ಯವಸ್ಥೆ ಇಟ್ಟಿದ್ದೇವೆ ಎಂದರು. 1994ರ ಮೇ 13ರಂದು ಇನ್ನೂ ಕಟ್ಟುತ್ತಿದ್ದ ಕೈಗಾದ ಒಳಗುಮ್ಮಟದ ಕೆಳಪದರ ಕಳಚಿ ಬಿದ್ದದ್ದನ್ನೂ ಅವರೇ ನೆನಪಿಸಿದರು. ಮೆರವಣಿಗೆಯ ಕಾಲದಲ್ಲಿ ಇಂಥ ಉತ್ತರ ಸಿಕ್ಕಿದ್ದರೆ ಅರ್ಧ ಘೋಷಣೆಗಳು ಬೇಕಾಗುತ್ತಿರಲಿಲ್ಲವೆಂದು ಅಕ್ಕೋರು ಹೇಳಿದರು.

ನಾನು ಮರೆಯದ ಪ್ರತಿಕ್ರಿಯೆ ಮಾತ್ರ ಇವರಾರದ್ದೂ ಅಲ್ಲ. ಪ್ರಿಪ್ಯಾತ್ ನಗರವನ್ನು ಖಾಲಿ ಮಾಡಿಸುವ ದೃಶ್ಯದಲ್ಲಿ ಸಾಲುಸಾಲು ಬಸ್ಸುಗಳು ಬರುತ್ತವೆ, ಧ್ವನಿವರ್ಧಕ ಕೂಗುತ್ತದೆ. ಸ್ಫೋಟವಾಗಿ ಸುಮಾರು 36 ಗಂಟೆಗಳ ನಂತರ ಅಲ್ಲಿನ ಸುಮಾರು 49,000 ಜನರನ್ನು ನಿಜವಾಗಿಯೂ ಹಾಗೆಯೇ ಸಾಗಿಸಿದ್ದರು. ಇದು ತಾತ್ಕಾಲಿಕ, ದಾಖಲೆಪತ್ರ ಮತ್ತು ಅಗತ್ಯದ ವಸ್ತುಗಳನ್ನಷ್ಟೇ ತೆಗೆದುಕೊಳ್ಳಿ ಎಂದು ತಿಳಿಸಿದ್ದರು. ಮಾಸ್ತರ ಮನೆಯ ಹಿರಿಯ ಅಜ್ಜಿಗೆ ಇಂಗ್ಲಿಷು ಬಾರದು. ಅವರು ಸೀಬರ್ಡ್ ನೌಕಾನೆಲೆಗಾಗಿ ಒಕ್ಕಲೆದ್ದ ಸಾವಿರಾರು ಕುಟುಂಬಗಳಲ್ಲಿ ಒಂದಕ್ಕೆ ಸೇರಿದವರು. ಮೊಮ್ಮಗಳು ಆ ಘೋಷಣೆಯನ್ನು ಅನುವಾದಿಸಿ ಹೇಳಿದಾಗ ಅವರು, “ಬಾವಿಯ ಹಗ್ಗವನ್ನು ಬಿಚ್ಚಿಕೊಂಡರೇನು ನೋಡು” ಎಂದರು. ಯಾವ ವಿಮರ್ಶಕರೂ ಕೇಳದ ಪ್ರಶ್ನೆಯಿದು. ಸಾಹೇಬರು ಆ ವಾರದ ಪಟ್ಟಿಯನ್ನು ಓದಲಿಲ್ಲ.

ಕೊನೆಯ ಕಂತು ಮಾಸ್ತರದಾಯಿತು. ನ್ಯಾಯಾಲಯದಲ್ಲಿ ಲೆಗಾಸೊವ್ ಕೆಂಪು ಮತ್ತು ನೀಲಿ ಫಲಕಗಳನ್ನು ಒಂದೊಂದಾಗಿ ಸಿಕ್ಕಿಸುತ್ತ, ಯಾವುದು ಕ್ರಿಯೆಯನ್ನು ಏರಿಸುತ್ತದೆ, ಯಾವುದು ಇಳಿಸುತ್ತದೆ ಎಂದು ತೋರಿಸುತ್ತಾರೆ: ಶಕ್ತಿ ಕುಗ್ಗಿದಾಗ ಕ್ರಿಯೆಯನ್ನು ಅಡಗಿಸುವ ಕ್ಸೆನಾನ್ ಅನಿಲ ಹೇಗೆ ಕೂಡುತ್ತದೆ, ಅದನ್ನು ಮೀರಲು ಸರಳುಗಳನ್ನು ಮಿತಿಮೀರಿ ಹೊರಗೆಳೆದದ್ದು ಏಕೆ ಅಪಾಯ, ನಿಲ್ಲಿಸುವ ಗುಂಡಿಯನ್ನು ಒತ್ತಿದಾಗ ಸರಳುಗಳ ತುದಿಯ ಗ್ರಾಫೈಟೇ ಮೊದಲು ಒಳಗಿಳಿದು ಉರಿಯನ್ನು ಹೇಗೆ ಹೆಚ್ಚಿಸಿತು. ಹತ್ತನೆಯ ತರಗತಿಯ ಹುಡುಗರಿಗೂ ತಿಳಿಯುವ ಈ ಪಾಠ ನಡೆಯುತ್ತಿದ್ದಷ್ಟು ಹೊತ್ತು ಮಾಸ್ತರು ಎದ್ದು ನಿಂತೇ ನೋಡಿದರು. ಇಷ್ಟು ಒಳ್ಳೆಯ ತರಗತಿ ನಿಜವಾಗಿ ನಡೆದದ್ದಲ್ಲವೆಂದು ಸಾಹೇಬರು ಮತ್ತೆ ನೆನಪಿಸಲು ಬಾಯಿ ತೆರೆದಾಗ, ಲೆಗಾಸೊವ್ 1986ರ ಆಗಸ್ಟಿನಲ್ಲಿ ವಿಯೆನ್ನಾದಲ್ಲಿ ಜಗತ್ತಿನ ತಜ್ಞರೆದುರು ಗಂಟೆಗಟ್ಟಲೆ ವರದಿ ಒಪ್ಪಿಸಿದ್ದನ್ನು ಮಾಸ್ತರೇ ಎತ್ತಿ, ಸ್ಥಳ ಬದಲಾದರೆ ಪಾಠ ಸುಳ್ಳಾಗುವುದಿಲ್ಲವೆಂದು ಅವರನ್ನು ಕೂರಿಸಿದರು.

2022ರ ಫೆಬ್ರವರಿಯಲ್ಲಿ ಹೋಮಿ ಭಾಭಾ ಮತ್ತು ವಿಕ್ರಮ್ ಸಾರಾಭಾಯಿಯವರ ಕಥೆಯಾದ ‘ರಾಕೆಟ್ ಬಾಯ್ಸ್’ ಸೋನಿಲಿವ್‌ನಲ್ಲಿ ಬಂದಾಗ ಕೂಟ ಮತ್ತೆ ಸೇರಬೇಕಿತ್ತು. ಭಾರತದ ಅಣುಶಕ್ತಿಯ ಮೂಲಪುರುಷನ ಕಥೆಯೆಂದರೆ ಕೈಗಾದ ಕುಲಪುರಾಣವೇ. ಆದರೆ ಸೋನಿಲಿವ್‌ನವರು ಎಂಟೂ ಕಂತುಗಳನ್ನು ಒಂದೇ ದಿನ ಬಿಡುಗಡೆ ಮಾಡಿಬಿಟ್ಟರು. ಮೊಮ್ಮಗಳು ಒಂದು ರಾತ್ರಿ ಒಂದು ಹಗಲಿನಲ್ಲಿ ಮುಗಿಸಿದಳು, ಅಕ್ಕೋರು ನಾಲ್ಕಕ್ಕೆ ನಿಂತರು, ಮಾಸ್ತರು ಕನ್ನಡಕ ಬದಲಾಗುವವರೆಗೆ ಮುಂದೂಡಿದರು. ಎಲ್ಲಿಯವರೆಗೆ ನೋಡಿದ್ದೀರೆಂದು ವಿಚಾರಿಸಿಕೊಳ್ಳದೆ ಯಾರೂ ಬಾಯಿ ಬಿಡುವಂತಿರಲಿಲ್ಲ, ವಿಚಾರಿಸಿಕೊಂಡ ಮೇಲೆ ಬಿಡಲು ಮಾತೂ ಇರಲಿಲ್ಲ. ಸಾಹೇಬರು ಮಾತ್ರ ಪ್ರತಿ ಮಂಗಳವಾರ ಒಂದೇ ಕಂತು ನೋಡುವ ವ್ರತ ಹಿಡಿದು, ತಪ್ಪುಗಳ ಪಟ್ಟಿಯೊಂದಿಗೆ ಎಲ್ಲರ ಮನೆಗೂ ಫೋನು ಮಾಡುತ್ತಿದ್ದರು. ಫೋನು ಎತ್ತುತ್ತಿದ್ದವರು ಶಿರಸಿಯ ದೊಡ್ಡಮ್ಮ ಒಬ್ಬರೇ.