ಕಾಸಿಗೆ ಮೀರಿದ ಕಜ್ಜಾಯ

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗಿ, ತೋಟ, ಬಾವಿ, ದನದ ಕೊಟ್ಟಿಗೆ ಎಲ್ಲ ಸುತ್ತಿ, ಉಪ್ಪಿಟ್ಟು ಕೇಸರಿಬಾತ್ ಮುಗಿಸಿ, ಹುಡುಗನನ್ನು ಮಾತ್ರ ಮಾತಾಡಿಸದೆ ವಾಪಸ್ ಬರುವುದುಂಟು. ಸೆಕೆಂಡ್ ಹ್ಯಾಂಡ್ ಐಷಾರಾಮಿ ಫೋರ್ ವೀಲ್ ಡ್ರೈವ್ ಕೊಳ್ಳುವುದೂ ಹೀಗೆಯೇ. ಮಕ್ಕಳು ಸನ್‌ರೂಫ್ ತೆರೆಯುತ್ತಾರೆ, ಮಾವನವರು ಟೈರಿಗೆ ಒದೆಯುತ್ತಾರೆ, ಮನೆಯವರು ಲೆದರ್ ಸೀಟಿನ ಮೇಲೆ ಕೈಯಾಡಿಸಿ ಒಪ್ಪಿಗೆ ಸೂಚಿಸುತ್ತಾರೆ. ಎಂಜಿನ್ನಿನ ವಾಲ್ವುಗಳನ್ನು ತಾಳಕ್ಕೆ ಸರಿಯಾಗಿ ಕುಣಿಸುವ ಟೈಮಿಂಗ್ ಚೈನ್ ಮುಂದಿದೆಯೋ ಹಿಂದಿದೆಯೋ ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದದ್ದು ಅದನ್ನೇ. ಈ ಗಾಡಿಗಳಲ್ಲಿ ಕೆಡುವ ವಸ್ತು ಅನೇಕ ಸಲ ಅಗ್ಗದ್ದೇ ಆಗಿರುತ್ತದೆ. ಅದು ಕೂತಿರುವ ಜಾಗ ದುಬಾರಿ.

ಮರ್ಸಿಡಿಸ್‌ನ ಎಂಎಲ್, ಜಿಎಲ್ ಗಾಡಿಗಳಲ್ಲಿ ಬಂದ ಒಎಂ642 ಎಂಬ 3 ಲೀಟರ್ ವಿ6 ಡೀಸೆಲ್ ಎಂಜಿನ್ ತೆಗೆದುಕೊಳ್ಳಿ. ಆಳು ಗಟ್ಟಿಮುಟ್ಟು, ಲಕ್ಷಗಟ್ಟಲೆ ಕಿಲೋಮೀಟರ್ ಓಡುವಂಥದ್ದು. ಆದರೆ ಅದರ ಆಯಿಲ್ ಕೂಲರನ್ನು ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಬುಡದಲ್ಲಿ ಕೂರಿಸಿದ್ದಾರೆ. ಹಳೆಯ ಎಂಜಿನ್ನುಗಳಲ್ಲಿದ್ದ ಕಿತ್ತಳೆ ಬಣ್ಣದ ಸೀಲುಗಳು ಆ ಕಾವಿಗೆ ಒಣಗಿ ಬಿರಿಯುತ್ತವೆ. ಸೋರಿದ ಎಣ್ಣೆ ಹಿಂದಕ್ಕೆ ಹರಿದು, ಗೇರ್‌ಬಾಕ್ಸ್ ಸೇರುವ ಕಡೆ ಬಂದು ತೊಟ್ಟಿಕ್ಕುತ್ತದೆ. ತಿಳಿಯದ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ, ಹಿಂದಿನ ಸೀಲ್ ಬದಲಿಸಿ, ಮತ್ತೆ ಏರಿಸುತ್ತಾನೆ. ಮರುದಿನ ಅದೇ ಜಾಗದಲ್ಲಿ ಅದೇ ಹನಿ. ನಿಜವಾದ ಸೀಲುಗಳಿಗೆ ಕೈ ಎಟುಕಬೇಕಾದರೆ ಟರ್ಬೊ, ಇನ್‌ಟೇಕ್ ಮ್ಯಾನಿಫೋಲ್ಡ್ ಎಲ್ಲ ಕಳಚಬೇಕು. ಬಿಲ್ ನೋಡುವಾಗ 'ನೇರಳೆ ಸೀಲ್ ಹಾಕಿದ್ದಾರಾ' ಎಂದು ಕೇಳಿ. ಸುಧಾರಿಸಿದ ಸೀಲಿನ ಬಣ್ಣ ಅದು. ಇದೇ ಎಂಜಿನ್ನಿನಲ್ಲಿ ಟರ್ಬೊಗೆ ಗಾಳಿ ಹೋಗುವ ಕೊಳವೆಯ ಸೀಲಿನಿಂದ ಎಣ್ಣೆ ಜಿನುಗಿ, ಸರಿಯಾಗಿ ಕೆಳಗಿರುವ ಸ್ವರ್ಲ್ ಫ್ಲಾಪ್ (ಒಳಹೋಗುವ ಗಾಳಿಯನ್ನು ಸುಳಿಯಾಗಿಸುವ ರೆಕ್ಕೆ) ಮೋಟಾರಿನ ನೆತ್ತಿಯ ಮೇಲೆ ಅಭಿಷೇಕವಾಗುತ್ತದೆ. ಮೋಟಾರು ಕೈಲಾಸ ಸೇರುತ್ತದೆ.

ಲ್ಯಾಂಡ್ ರೋವರ್ ಡಿಸ್ಕವರಿ 3 ಮತ್ತು 4ರ ಕಥೆಗೆ ಬೇರೆ ಅಧ್ಯಾಯವೇ ಬೇಕು. ಕೂತರೆ ಎದ್ದೇಳಲು ಮನಸ್ಸಾಗದ ಗಾಡಿ. 2.7 ಮತ್ತು 3.0 ಲೀಟರ್ ಟಿಡಿವಿ6 ಎಂಜಿನ್ನುಗಳಲ್ಲಿ ಎಂಜಿನ್ನಿನ ಮುಖ್ಯ ದಂಡವನ್ನು ಹಿಡಿದಿಡುವ ಬೇರಿಂಗ್ ಶೆಲ್ ಜಾಗ ಬಿಟ್ಟು ತಿರುಗಿ, ಎಣ್ಣೆಯ ದಾರಿ ಮುಚ್ಚಿ, ಆ ದಂಡವಾದ ಕ್ರ್ಯಾಂಕ್‌ಶಾಫ್ಟ್ ಎರಡು ತುಂಡಾದ ಪ್ರಸಂಗಗಳು ಲೋಕಪ್ರಸಿದ್ಧ. ಎಲ್ಲ ಗಾಡಿಯಲ್ಲೂ ಆಗುವುದಿಲ್ಲ, ಆಗುವಾಗ ಹೇಳಿ ಬರುವುದೂ ಇಲ್ಲ. ಕಂಪನಿ ಹೇಳಿದ ಅಂತರದ ಅರ್ಧಕ್ಕೇ ಎಂಜಿನ್ ಆಯಿಲ್ ಬದಲಿಸಿದ ಲೆಕ್ಕಪತ್ರ ಇರುವ ಗಾಡಿಯನ್ನು ಮಾತ್ರ ನೋಡಿ. ಟೈಮಿಂಗ್ ಬೆಲ್ಟ್ ಹಾಕಿಸಿದ್ದೇವೆ ಎಂದರೆ, 'ಎಷ್ಟು?' ಎಂದು ಕೇಳಿ. ಈ ಎಂಜಿನ್ನಿಗೆ ಬೆಲ್ಟ್ ಎರಡು. ಮುಂದೊಂದು, ಹಿಂದೆ ಡೀಸೆಲ್ ಪಂಪಿಗೊಂದು. ಹಿಂದಿನದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಯಾರ ನೆನಪಿಗೂ ಬರುವುದಿಲ್ಲ. ಇನ್ನು ಟರ್ಬೊ ಬದಲಿಸಬೇಕಾದರೆ ಎಷ್ಟೋ ಗ್ಯಾರೇಜುಗಳವರು ಗಾಡಿಯ ಬಾಡಿಯನ್ನೇ ಚಾಸಿಯಿಂದ ಮೇಲೆತ್ತುತ್ತಾರೆ. ಅಟ್ಟದಲ್ಲಿರುವ ಉಪ್ಪಿನಕಾಯಿ ಜಾಡಿ ತೆಗೆಯಲು ಮನೆಯ ಹೆಂಚೆಲ್ಲ ಇಳಿಸಿದ ಹಾಗೆ. ಅದಕ್ಕೆ ಹೋಲಿಸಿದರೆ ರೇಂಜ್ ರೋವರ್‌ನ 4.4 ಲೀಟರ್ ಟಿಡಿವಿ8 ಎಷ್ಟೋ ಸಮಾಧಾನದ ಪ್ರಾಣಿ, ಡೀಸೆಲ್ ಕುಡಿತ ಒಂದನ್ನು ಬಿಟ್ಟು.

ಬಿಎಂಡಬ್ಲ್ಯು ಎಕ್ಸ್5ರ ಇ70 ಎಂಬ ತಲೆಮಾರಿನಲ್ಲಿ 2010ರ ಸುಮಾರಿಗೆ ಗೆರೆ ಎಳೆಯಬೇಕು. ಅದಕ್ಕೆ ಮುಂಚಿನ 3.0 ಡೀಸೆಲ್‌ಗಳಲ್ಲಿ ಎಂ57 ಎಂಜಿನ್, ಚೈನ್ ಮುಂಭಾಗದಲ್ಲಿ. ಆಮೇಲಿನವುಗಳಲ್ಲಿ ಎನ್57, ಚೈನ್ ಗೇರ್‌ಬಾಕ್ಸ್ ಕಡೆ. ಆಡಿ ಕ್ಯೂ7ರ 3.0 ಟಿಡಿಐಯಲ್ಲೂ ಚೈನ್ ಬೆನ್ನಿಗೇ. ಅದು ಸಡಿಲವಾದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಯಲೇಬೇಕು. ಒಂದು ವರ್ಷ ಹೊಸದು ಸಿಕ್ಕಿತೆಂದು ಹಿಗ್ಗುವವರು ಈ ಲೆಕ್ಕ ಹಾಕಿರುವುದಿಲ್ಲ.

ಹಾಗಾದರೆ ಕಣ್ಣುಮುಚ್ಚಿ ಟೊಯೊಟಾ ಕೊಳ್ಳೋಣವೇ? ಕಣ್ಣು ತೆರೆದೇ ಕೊಳ್ಳಿ. ಪ್ರಾಡೊದ 3.0 ಲೀಟರ್ 1ಕೆಡಿ ಎಂಜಿನ್ನಿನಲ್ಲಿ ಇಂಜೆಕ್ಟರಿನ ತಾಮ್ರದ ವಾಷರ್ ಸೋರಿದರೆ ಉರಿದ ಗಾಳಿ ಎಂಜಿನ್ ಆಯಿಲಿಗೆ ಸೇರಿ ಮಸಿ ಕಟ್ಟುತ್ತದೆ. ಆ ಮಸಿ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಾದ ಸಂಪಿನೊಳಗಿನ ಜಾಲರಿಯನ್ನು ಮುಚ್ಚುತ್ತದೆ, ಆಯಿಲ್ ಪ್ರೆಷರ್ ಬೀಳುತ್ತದೆ, ಎಂಜಿನ್ ಕಚ್ಚಿಕೊಳ್ಳುತ್ತದೆ. ವಾಷರ್ ಬದಲಿಸುವ ಕೆಲಸ ಮಾತ್ರ ಮೇಲಿನಿಂದಲೇ ಆಗುತ್ತದೆ, ಬಾಡಿ ಎತ್ತಬೇಕಿಲ್ಲ. ಬುದ್ಧಿವಂತರು ಗಾಡಿ ಕೊಂಡ ವಾರದಲ್ಲೇ ವಾಷರ್ ಹಾಕಿಸಿ, ಸಂಪ್ ಬಿಚ್ಚಿಸಿ ಜಾಲರಿ ನೋಡುತ್ತಾರೆ. ಟೈಮಿಂಗ್ ಬೆಲ್ಟ್ ಬದಲಿಸುವುದು 1.5 ಲಕ್ಷ ಕಿಲೋಮೀಟರಿಗೆ. ಲ್ಯಾಂಡ್ ಕ್ರೂಸರ್ 200ರ 4.5 ಲೀಟರ್ ವಿ8 ಡೀಸೆಲ್ ಇನ್ನೂ ಗಟ್ಟಿ. ಆದರೆ ಅದರ ಬೆಲೆ ಇಳಿಯುವುದೇ ಇಲ್ಲವಾದ್ದರಿಂದ ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ಪರೀಕ್ಷೆಗೆ ಬೆಳಿಗ್ಗೆ 7 ಗಂಟೆಗೇ ಹೋಗಿ, ಹೇಳದೆ ಅರ್ಧ ಗಂಟೆ ಮೊದಲೇ ಹೋದರೆ ಇನ್ನೂ ಒಳ್ಳೆಯದು. ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, ನಿಮಗಿಂತ ಮುಂಚೆ ಯಾರೋ ಸುಪ್ರಭಾತ ಹಾಡಿದ್ದಾರೆ ಎಂದರ್ಥ. ಚೈನ್ ಸಡಿಲವಿದ್ದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡ್ ಮಾತ್ರ ಗಲಗಲ ಅನ್ನುತ್ತದೆ. ಎಣ್ಣೆ ಏರಿದ ಮೇಲೆ ಪರಮ ಸಾಧು. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ, ಸಿಹಿ ವಾಸನೆಯ ಬಿಳಿ ಹೊಗೆಯಾದರೆ ಕೂಲಂಟ್. ಆಯಿಲ್ ಮಟ್ಟ ಮ್ಯಾಕ್ಸ್ ಗೆರೆ ದಾಟಿದ್ದರೆ 'ಧಾರಾಳವಾಗಿ ಹಾಕಿದ್ದಾರೆ' ಎಂದು ಖುಷಿಪಡಬೇಡಿ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಜರಡಿ) ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಹೆಚ್ಚುವರಿ ಡೀಸೆಲ್ ಆಯಿಲಿಗೆ ಇಳಿದಿರಬಹುದು.

ಏರ್ ಸಸ್ಪೆನ್ಷನ್ ಇದ್ದರೆ ಒಂದು ಟೇಪು ಒಯ್ಯಿರಿ. ನಾಲ್ಕೂ ಕಡೆ ಚಕ್ರದ ನಡುವಿನಿಂದ ಮೇಲಿನ ಕಮಾನಿಗೆ ಎಷ್ಟೆಂದು ಅಳೆದು ಬರೆದಿಟ್ಟು, ಎಂಜಿನ್ ಆರಿಸಿ, ಮೂರು ನಾಲ್ಕು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಒಂದು ಮೂಲೆ ತೂಕಡಿಸಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಆ ಸಣ್ಣ ಸೋರಿಕೆಯನ್ನು ತುಂಬಲು ಕಂಪ್ರೆಸರ್ ಹಗಲೂ ರಾತ್ರಿ ದುಡಿದು ಸುಟ್ಟುಹೋಗುತ್ತದೆ. ಮೊದಲು ಸೋರಿಕೆ ಮುಚ್ಚದೆ ಹೊಸ ಕಂಪ್ರೆಸರ್ ಹಾಕಿಸಿದವರು ಆರು ತಿಂಗಳಲ್ಲಿ ಇನ್ನೊಂದು ಹಾಕಿಸಿರುತ್ತಾರೆ.

ಸ್ಕ್ಯಾನರ್ ಹಾಕಿದಾಗ ತಪ್ಪಿನ ಕೋಡ್ ಒಂದೂ ಕಾಣದಿದ್ದರೆ ಅನುಮಾನಪಡಿ. ಹತ್ತು ವರ್ಷದ ಇಂಥ ಗಾಡಿಯಲ್ಲಿ ಒಂದೆರಡು ಕೋಡ್ ಇರುವುದೇ ಆರೋಗ್ಯದ ಲಕ್ಷಣ. ಹೆಚ್ಚಿನವುಗಳಲ್ಲಿ 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಎಂಬ ಅಂಕಿಯೂ ಸಿಗುತ್ತದೆ. ಅಲ್ಲಿ 4 ಕಿಲೋಮೀಟರ್ ಎಂದಿದ್ದರೆ, ಒರೆಸಿದ್ದು ಇವತ್ತು ಬೆಳಿಗ್ಗೆ, ಪೆಟ್ರೋಲ್ ಬಂಕಿನ ಆಚೆಗೆಲ್ಲೋ. ಯಾವುದೇ ದೀಪ ಹತ್ತಿಕೊಂಡಿದ್ದರೂ ಬ್ರೋಕರ್ ಹೇಳುವುದು ಒಂದೇ: "ಸೆನ್ಸರ್ ಪ್ರಾಬ್ಲಂ ಸಾರ್, ಸಣ್ದು." ಈ ಲೋಕದಲ್ಲಿ ಗೇರ್‌ಬಾಕ್ಸ್ ಕೆಡುವುದಿಲ್ಲ, ಟರ್ಬೊ ಸಾಯುವುದಿಲ್ಲ, ಸೆನ್ಸರ್ ಮಾತ್ರ ಹೋಗುತ್ತದೆ.

ದೆಹಲಿ ಕಡೆಯ ಗಾಡಿ ಅಗ್ಗಕ್ಕೆ ಬಂದರೆ ಕಾರಣವಿದೆ. 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಅಲ್ಲಿ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಾದ ಎನ್‌ಜಿಟಿ ಹಾಕಿದ ನಿರ್ಬಂಧ ದಕ್ಷಿಣಕ್ಕೆ ಒಂದು ಹೊಳೆಯನ್ನೇ ಹರಿಸಿತು. ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಬ್ಯಾಂಕ್ ಸಾಲ ತೀರಿದ ಪತ್ರ, ಇಲ್ಲಿ ಕಟ್ಟಬೇಕಾದ ಲೈಫ್‌ಟೈಮ್ ಟ್ಯಾಕ್ಸ್ ಎಲ್ಲ ಕೂಡಿಸಿದ ಮೇಲೂ ಅಗ್ಗ ಅನ್ನಿಸಿದರೆ ಮುಂದುವರಿಯಿರಿ.

ಕೊನೆಗೆ ಫೋರ್ ವೀಲ್ ಡ್ರೈವ್. ನಾಲ್ಕೂ ಟೈರು ಒಂದೇ ಕಂಪನಿಯದಾಗಿ, ಒಂದೇ ಹದಕ್ಕೆ ಸವೆದಿರಬೇಕು. ಇಲ್ಲದಿದ್ದರೆ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಸದಾ ಜಗ್ಗಾಡುತ್ತಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ, ಗಾಡಿ ಬಿಕ್ಕಳಿಸಬಾರದು. ಎಕ್ಸ್5, ಕ್ಯೂ7ಗಳಲ್ಲಿ ಲೋ ರೇಂಜ್ (ಕಡಿದಾದ ಏರಿಗೆ, ಕೆಸರಿಗೆ ಬೇಕಾದ ನಿಧಾನ ಬಲದ ಗೇರು) ಇಲ್ಲವೇ ಇಲ್ಲ. ಡಿಸ್ಕವರಿಯಂಥದ್ದರಲ್ಲಿ ಗಾಡಿ ನಿಲ್ಲಿಸಿ, ಬ್ರೇಕ್ ತುಳಿದು, ನ್ಯೂಟ್ರಲ್‌ಗೆ ತಂದು, ಲೋ ರೇಂಜ್ ಸ್ವಿಚ್ ಎಳೆಯಿರಿ. ದೀಪ ಮಿನುಗಿ ಸ್ಥಿರವಾಗಬೇಕು. ಮಿನುಗುತ್ತಲೇ ಇದ್ದರೆ ಒಳಗಿನ ಮೋಟಾರು ತುಕ್ಕು ಹಿಡಿದು ಕೂತಿರಬಹುದು.

ಆಗ ಓನರ್ ಗಾಬರಿಯಿಂದ ಓಡಿಬರುತ್ತಾರೆ. "ಅದನ್ನ ಯಾಕೆ ಸಾರ್ ಮುಟ್ಟಿದ್ರಿ? ಹತ್ತು ವರ್ಷದಿಂದ ನಮ್ಮನೇಲಿ ಯಾರೂ ಅದನ್ನ ಮುಟ್ಟೇ ಇಲ್ಲ!" ಬೆಳಿಗ್ಗೆಯಿಂದ ಅವರು ಹೇಳಿದ್ದರಲ್ಲಿ ಇದೊಂದನ್ನು ಪೂರ್ತಿ ನಂಬಬಹುದು.